ಇಲ್ಲದ ಭಾರ

ಫೆಬ್ರವರಿ 9

ಮಗಳೇ,

ಇಲ್ಲಿಯ ದೊಡ್ಡ ಸುದ್ದಿ ಏನೆಂದರೆ, ನಿನ್ನೆ ನಿನ್ನ ಅಮ್ಮ ಒಂದು ಸಲವೂ ‘ಅಯ್ಯೋ’ ಎನ್ನದೆ ಕಾರು ಹತ್ತಿದಳು. ಸೊಂಟದ ಆಪರೇಷನ್ ಆದಮೇಲೆ ಹಿಂದಿನ ಸೀಟಿಗೆ ಏರುವುದೆಂದರೆ ಅವಳಿಗೆ ಬೆಟ್ಟ ಹತ್ತಿದ ಹಾಗಾಗಿತ್ತು. ಈಗ ಬಾಗಿಲು ತೆಗೆದಳು, ತಿರುಗಿದಳು, ಮಂಚದ ಮೇಲೆ ಕೂತಂತೆ ಕೂತು ಕಾಲು ಚಾಚಿಯೇಬಿಟ್ಟಳು. ಕಾರಿನ ಹಿಂಭಾಗವನ್ನು ಎರಡು ಇಂಚು ಇಳಿಸಿದ್ದಕ್ಕೆ ನಿನಗೆ ಎಷ್ಟು ಪುಣ್ಯ ಬಂತೋ ನೀನೇ ಲೆಕ್ಕ ಹಾಕಿಕೋ. ಬೀದಿ ತುದಿಯ ಗ್ಯಾರೇಜಿನವನು ಹಿಂದೆ ನಿಂತು ನೋಡಿ, “ಯಾರು ಮಾಡಿದ್ದು ಮೇಷ್ಟ್ರೇ, ಎರಡೂ ಕಡೆ ಸಮ ಕೂತಿದೆಯಲ್ಲ” ಅಂದ. “ನನ್ನ ಮಗಳು” ಅಂದೆ. ಅವನಿಗೆ ಕೇಳಿಸಿದ್ದರೂ ಇನ್ನೊಂದು ಸಲ ಅಂದೆ.

ಒಂದೆರಡು ಸಣ್ಣ ತಕರಾರು. ಸಂಜೆ ದೀಪ ಹಾಕಿದರೆ ಬೆಳಕು ರಸ್ತೆಯ ಮೇಲೆ ಬೀಳುವ ಬದಲು ಜನರ ಮಹಡಿಯ ಕಿಟಕಿಗೆ ಬೀಳುತ್ತದೆ. ಎದುರಿಗೆ ಬಂದ ಸ್ಕೂಟರಿನವನು ನಮ್ಮ ಮೂರು ತಲೆಮಾರನ್ನೂ ನೆನೆದು ಹೋದ. ಇನ್ನೊಂದು, ಬ್ರೇಕು ಒತ್ತಿದರೆ ಹಿಂಭಾಗ ಒಂದಿಷ್ಟು ಸೊಟ್ಟಗೆ ಸರಿದ ಹಾಗಾಗುತ್ತದೆ. ನಿನ್ನನ್ನು ಸ್ಟೇಷನ್ನಿಗೆ ಬಿಡಲು ಹೋಗುವಾಗ ಹಾಗಿರಲಿಲ್ಲ, ವಾಪಸು ಬರುವಾಗ ಇತ್ತು. ನನ್ನ ಭ್ರಮೆಯೂ ಇರಬಹುದು. ಬಿಡುವಾದಾಗ ಬರೆ.

ನಿನ್ನ ಅಪ್ಪ


ಫೆಬ್ರವರಿ 16

ಅಪ್ಪಾ,

ದೀಪದ ಹಿಂದೆ ಒಂದು ತಿರುಪು ಇದೆ. ಕಾರನ್ನು ಗೋಡೆಯ ಎದುರು ನಿಲ್ಲಿಸಿ, ಬೆಳಕು ನಿಮ್ಮ ಮಂಡಿಯ ಮಟ್ಟಕ್ಕೆ ಬರುವ ತನಕ ತಿರುಗಿಸಿ. ಹಿಂಭಾಗ ತಗ್ಗಿದರೆ ಮೂತಿ ಮೇಲಾಗುತ್ತದೆ, ಅಷ್ಟೇ. ಸ್ಕೂಟರಿನವನು ಮತ್ತೆ ಸಿಕ್ಕರೆ ನನ್ನ ಕಡೆಯಿಂದಲೂ ಒಂದು ನಮಸ್ಕಾರ ಹೇಳಿ.

ಸೊಟ್ಟಗೆ ಸರಿಯುವುದು ಹೊಸ ಸ್ಪ್ರಿಂಗಿನ ಚಾಳಿ. ಹೊಸ ಚಪ್ಪಲಿಯ ಹಾಗೆ ನಾಲ್ಕು ದಿನ ಕಚ್ಚುತ್ತದೆ, ಆಮೇಲೆ ಕಾಲಿಗೆ ಹೊಂದುತ್ತದೆ. ಟೈರಿನ ಗಾಳಿ ನೋಡಿಸಿ. ನನ್ನ ಗ್ಯಾರೇಜಿನಲ್ಲಿ ಕೆಲಸ ಮುಗಿಸಿ ಅಲ್ಲಿಯವರೆಗೆ ನೂರೈವತ್ತು ಕಿಲೋಮೀಟರ್ ನಾನೇ ಓಡಿಸಿಕೊಂಡು ಬಂದೆನಲ್ಲ, ಬೆಣ್ಣೆಯ ಹಾಗೆ ನಿಲ್ಲುತ್ತಿತ್ತು.

ಇಲ್ಲಿ ಕೈತುಂಬ ಕೆಲಸ. ನಾನು ಬಾನೆಟ್ ತೆಗೆದರೆ ಈಗಲೂ ಇಬ್ಬರು ಮೂವರು ಗಂಡಸರು ಕೈಕಟ್ಟಿ ಸುತ್ತ ನಿಲ್ಲುತ್ತಾರೆ, ಹೆಂಗಸು ಎಲ್ಲಿ ತಪ್ಪುತ್ತಾಳೆ ನೋಡೋಣ ಎಂದು. ಅವರಿಗೆ ಇನ್ನೂ ಆ ಸಂತೋಷ ಕೊಟ್ಟಿಲ್ಲ. ಅಮ್ಮನ ಸೊಂಟ ನೋಡಿಕೊಳ್ಳಿ.

ನಿಮ್ಮ ಮಗಳು


ಮಾರ್ಚ್ 3

ಮಗಳೇ,

ದೀಪ ಸರಿಹೋಯಿತು. ಗಾಳಿಯನ್ನೂ ನೋಡಿಸಿದೆ. ಬ್ರೇಕಿನ ವಿಷಯ ಮಾತ್ರ ಹಾಗೇ ಇದೆ. ನೀನು ಬೇಜಾರು ಮಾಡಿಕೊಳ್ಳಬಾರದು, ನಾನು ಗಮನಿಸಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮೂವತ್ತನಾಲ್ಕು ವರ್ಷ ಡ್ರೈವಿಂಗ್ ಕಲಿಸುತ್ತಾ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಕಾಲು ನೋಡಿದವನಿಗೆ ಆ ಚಟ ಹೋಗುವುದಿಲ್ಲ.

ಮೆಲ್ಲಗೆ ಒತ್ತಿದರೆ ಏನೂ ಇಲ್ಲ. ಗಟ್ಟಿಯಾಗಿ ಒತ್ತಿದರೆ ಹಿಂದಿನ ಚಕ್ರ ಕಿರ್ರೆಂದು ಕಚ್ಚಿಕೊಂಡು ಬಾಲ ಪಕ್ಕಕ್ಕೆ ಬರುತ್ತದೆ. ನಾನೊಬ್ಬನೇ ಇದ್ದರೆ ಜಾಸ್ತಿ, ಅಮ್ಮ ಹಿಂದೆ ಕೂತಿದ್ದರೆ ಕಡಿಮೆ. ಮೊನ್ನೆ ಬೆಳಿಗ್ಗೆ ಕಲಿಯಲು ಬರುವ ನರ್ಸಮ್ಮನಿಗೆ ಬ್ರೇಕು ಹೇಗೆ ಒತ್ತಬೇಕೆಂದು ತೋರಿಸಲು ಹೋಗಿ, ನಾನೇ ಅರ್ಧ ರಸ್ತೆಗೆ ಅಡ್ಡವಾಗಿ ನಿಂತೆ. ಅವಳು ಪಾಪ, ಹೀಗೂ ಒಂದು ಪಾಠ ಇರಬೇಕೆಂದು ತಲೆಯಾಡಿಸಿದಳು.

ಗ್ಯಾರೇಜಿನವನು “ಒಂದ್ಸಲ ಕೆಳಗೆ ನುಗ್ಗಿ ನೋಡ್ಲಾ ಮೇಷ್ಟ್ರೇ?” ಅಂದ. ಬೇಡ ಅಂದೆ. ನೀನು ಮಾಡಿದ ಕೆಲಸದ ಮೇಲೆ ಇನ್ನೊಬ್ಬನ ಕೈ ಇಡಿಸಲು ಮನಸ್ಸು ಬರಲಿಲ್ಲ.

ಅಪ್ಪ


ಮಾರ್ಚ್ 12

ಅಪ್ಪಾ,

ಕಟುವಾಗಿ ಬರೆಯುತ್ತಿದ್ದೇನೆ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಸ್ಪ್ರಿಂಗು ಸರಿಯಾಗಿದೆ. ಶಾಕ್ ಅಬ್ಸಾರ್ಬರ್ ಸರಿಯಾಗಿದೆ. ಬ್ರೇಕಿನ ಒಂದು ಬೋಲ್ಟನ್ನೂ ನಾನು ಮುಟ್ಟಿಲ್ಲ. ಅದೇ ಕಾರು ನನ್ನ ಕಾಲಿಗೆ ನೆಟ್ಟಗೆ ನಿಲ್ಲುತ್ತದೆ, ನಿಮ್ಮ ಕಾಲಿಗೆ ನಿಲ್ಲುವುದಿಲ್ಲ ಅಂದರೆ ಏನರ್ಥ?

ನಿಮಗೆ ಅರವತ್ತೊಂಬತ್ತು. ಕಾಲು ಭಾರವಾಗುತ್ತದೆ ಅಪ್ಪಾ. ಒತ್ತಿದ್ದು ಎಷ್ಟು ಅಂತ ಒತ್ತಿದವರಿಗೇ ಗೊತ್ತಾಗುವುದಿಲ್ಲ. ನೀವೇ ನಮಗೆಲ್ಲ ಹೇಳುತ್ತಿದ್ದಿರಿ, ಪೆಡಲಿನ ಕೆಳಗೆ ಮೊಟ್ಟೆ ಇದೆ ಅಂದುಕೊಂಡು ಒತ್ತಿ ಅಂತ. ಈಗ ಆ ಮೊಟ್ಟೆ ಒಡೆಯುತ್ತಿರುವುದು ನಿಮ್ಮ ಕಾಲಡಿಯಲ್ಲೇ. ಕಲಿಯುವವರನ್ನು ಬಿಡಿ, ಕ್ಲಿನಿಕ್ಕಿಗೆ ಮಾತ್ರ ಹೋಗಿಬನ್ನಿ, ನಿಧಾನಕ್ಕೆ.

ನಿಮ್ಮ ಮಗಳು


ಏಪ್ರಿಲ್ 20

ಮಗಳೇ,

ಫೋನಿನಲ್ಲಿ ಹೇಳಲು ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಳೆದ ಸೋಮವಾರ ಅಮ್ಮನನ್ನು ವ್ಯಾಯಾಮಕ್ಕೆ ಕರೆದೊಯ್ಯುವಾಗ ಸಣ್ಣಗೆ ಮಳೆ ಹನಿದಿತ್ತು. ಮೂರು ರಸ್ತೆ ಕೂಡುವಲ್ಲಿ ಸೈಕಲ್ ಒಂದು ಅಡ್ಡ ಬಂತು. ಅಮ್ಮ ಹಿಂದಿನಿಂದ ಕೂಗಿದಳು. ನಾನು ಗಾಬರಿಯಾಗಿ ಒತ್ತಿದೆ. ಕಾರು ಬುಗುರಿಯ ಹಾಗೆ ತಿರುಗಿ, ಹಿಂಭಾಗ ಬೀಗ ರಿಪೇರಿ ಮಾಡುವವನ ಗೂಡಂಗಡಿಗೆ ಬಡಿಯಿತು. ಸೈಕಲಿನವನಿಗೂ ಬೀಗದವನಿಗೂ ಏನೂ ಆಗಿಲ್ಲ. ಅವನ ಬೀಗದ ಕೈಗಳೆಲ್ಲ ರಸ್ತೆಗೆ ಚೆಲ್ಲಿದವು. ಅಮ್ಮನ ಎಡ ಮಣಿಕಟ್ಟು ಮುರಿದಿದೆ. ಬ್ಯಾಂಡೇಜು ಹಾಕಿದ್ದಾರೆ, ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ.

ನೀನು ಹೇಳಿದ್ದು ಸರಿ. ಕಾಲು ಭಾರವಾಗಿದೆ. ಗುರುವಾರ ಆಫೀಸಿಗೆ ಹೋಗಿ ಲೈಸೆನ್ಸ್ ವಾಪಸು ಕೊಟ್ಟುಬಂದೆ. ಕೌಂಟರಿನಲ್ಲಿದ್ದವಳು ನನ್ನ ಹತ್ತಿರವೇ ಕಲಿತವಳು. “ರಿನ್ಯೂವಲ್ಲಾ ಸರ್?” ಅಂದಳು. ಅಲ್ಲಮ್ಮಾ ಅಂದೆ. ಅವಳು ತಲೆ ಎತ್ತದೆ ರಸೀದಿ ಬರೆದುಕೊಟ್ಟಳು. ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ನಾಚಿಕೆಯಾಯಿತು ಮಗಳೇ. ಈ ಊರಿನಲ್ಲಿ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಸಿದವನು ಬಸ್ಸಿಗೆ ಕಾಯುತ್ತಾ ನಿಂತಿದ್ದೆ.

ಅಪ್ಪ


ಏಪ್ರಿಲ್ 28

ಅಪ್ಪಾ,

ಓದಿ ಹೆದರಿದೆ. ದೊಡ್ಡದೇನೂ ಆಗಲಿಲ್ಲವಲ್ಲ, ಅದೇ ಸಮಾಧಾನ. ಲೈಸೆನ್ಸ್ ಕೊಟ್ಟದ್ದು ಒಳ್ಳೆಯ ಕೆಲಸ. ತಾನಾಗಿಯೇ ನಿಲ್ಲಿಸುವ ಧೈರ್ಯ ಎಷ್ಟು ಜನಕ್ಕಿದೆ? ನಾನು ಈಗಲೇ ಬರುವ ಹಾಗಿಲ್ಲ, ಒಪ್ಪಿಕೊಂಡ ಗಾಡಿಗಳು ಸಾಲಾಗಿ ನಿಂತಿವೆ. ಕಾರಿಗೆ ಹೊದಿಕೆ ಹಾಕಿ ಇಟ್ಟಿರಿ.

ಅಮ್ಮನಿಗೆ ಹೇಳಿ, ಇನ್ನು ಮೇಲೆ ಯಾರ ಗಾಡಿಯಲ್ಲಿ ಕೂತರೂ ಹೀಗೆ ಹಿಂದಿನಿಂದ ಕೂಗಬಾರದು ಅಂತ. ಓಡಿಸುವವರ ಎದೆ ಧಸಕ್ ಅನ್ನುತ್ತದೆ.

ಮಗಳು


ಜೂನ್ 14

ಅಪ್ಪಾ,

ಬರೆದು ಬಹಳ ದಿನವಾಯಿತು. ನೀವೂ ಬರೆಯಲಿಲ್ಲ. ಅಮ್ಮನ ಕೈ ಹೇಗಿದೆ?

ಒಂದು ವಿಷಯ. ನಿಮ್ಮ ಕಾರಿನಲ್ಲಿ ಹಿಂದಿನ ಚಕ್ರಗಳ ಬ್ರೇಕಿಗೆ ಒಂದು ವಾಲ್ವ್ ಇರುತ್ತದೆ. ಕಾರು ಹಳೆಯದಾದ್ದರಿಂದ ಅದು ಸವೆದು ಕೈಕೊಟ್ಟಿರುವ ಸಾಧ್ಯತೆ ಇದೆ. ಹಾಗಿದ್ದರೆ ಹಿಂಭಾಗ ಸರಿಯುವುದಕ್ಕೆ ಅದೂ ಒಂದು ಕಾರಣವಾಗಿರಬಹುದು. ಆದ್ದರಿಂದ ಎಲ್ಲವೂ ನಿಮ್ಮ ಕಾಲಿನದೇ ತಪ್ಪು ಅಂದುಕೊಳ್ಳಬೇಡಿ. ಯಾರಿಗೂ ಆ ಕಾರು ಓಡಿಸಲು ಕೊಡಬೇಡಿ. ನಾನು ಬಂದಾಗ ನೋಡುತ್ತೇನೆ.

ಮಗಳು


ಜೂನ್ 22

ಮಗಳೇ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಐದನೆಯ ಸಲ ಕನ್ನಡಕ ಒರೆಸಿಕೊಂಡು ಓದಿದೆ. ಹಾಗಾದರೆ ನನ್ನ ಕಾಲಿನದಲ್ಲವೇ? ಈ ಎರಡು ತಿಂಗಳು ನಾನು ಮೆಟ್ಟಿಲು ಇಳಿಯುವಾಗಲೂ ನನ್ನ ಬಲಗಾಲನ್ನು ನೋಡಿಕೊಂಡೇ ಇಳಿದಿದ್ದೇನೆ, ಕಳ್ಳನನ್ನು ಕಾದ ಹಾಗೆ. ನಗಬೇಡ.

ಒಂದೇ ಒಂದು ಪ್ರಶ್ನೆ. ಕಲಿಯಲು ಬಂದವರಿಗೆ ನಾನು ಯಾವಾಗಲೂ ಕೇಳುತ್ತಿದ್ದುದು ಇದನ್ನೇ, ತಪ್ಪು ಶುರುವಾದದ್ದು ಯಾವ ಗಳಿಗೆಯಲ್ಲಿ ಎಂದು. ಈ ವಾಲ್ವ್ ಸವೆದದ್ದು ಫೆಬ್ರವರಿಗೆ ಮುಂಚೆಯೋ, ಆಮೇಲೋ? ಮುಂಚೆ ಆಗಿದ್ದರೆ ಜನವರಿಯಲ್ಲಿ ಕಾರು ನೆಟ್ಟಗೆ ಹೇಗೆ ನಿಲ್ಲುತ್ತಿತ್ತು?

ಅಮ್ಮನ ಕೈಯ ಬ್ಯಾಂಡೇಜು ಬಿಚ್ಚಿದ್ದಾರೆ. ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಆಟೋ ತಂದರೂ ಹತ್ತುವುದಿಲ್ಲ, ವ್ಯಾಯಾಮಕ್ಕೆ ಹೋಗುವುದನ್ನೇ ಬಿಟ್ಟಿದ್ದಾಳೆ. ಮಾತು ಮೊದಲೇ ಕಡಿಮೆ, ಈಗ ಇನ್ನೂ ಕಡಿಮೆ.

ಅಪ್ಪ


ಜುಲೈ 5

ಅಪ್ಪಾ,

ಫೆಬ್ರವರಿಯಲ್ಲೇ. ವಾಲ್ವ್ ಸವೆದಿಲ್ಲ. ಅದು ಚೆನ್ನಾಗಿದೆ. ತಪ್ಪು ನನ್ನದು.

ಬಿಡಿಸಿ ಹೇಳುತ್ತೇನೆ. ಆ ವಾಲ್ವಿನಿಂದ ಒಂದು ಕಡ್ಡಿ ಇಳಿದು ಹಿಂದಿನ ಅಚ್ಚಿಗೆ ಸೇರುತ್ತದೆ. ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಕಾರು ತಗ್ಗುತ್ತದೆ, ಕಡ್ಡಿ ಮೇಲಕ್ಕೆ ಒತ್ತುತ್ತದೆ, ಹಿಂದೆ ಭಾರ ಇದೆ ಎಂದು ವಾಲ್ವಿಗೆ ತಿಳಿಯುತ್ತದೆ. ಆಗ ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲ ಹೆಚ್ಚು ಹೋಗುತ್ತದೆ. ಖಾಲಿ ಇದ್ದರೆ ಕಡಿಮೆ. ನಾನು ಕಾರನ್ನು ಎರಡು ಇಂಚು ಇಳಿಸಿ, ಆ ಕಡ್ಡಿಯನ್ನು ಇದ್ದ ಹಾಗೇ ಬಿಟ್ಟೆ. ಅಂದಿನಿಂದ ಆ ಕಾರಿಗೆ ಯಾವಾಗಲೂ ಹಿಂದೆ ಭಾರ ಇದೆ ಎಂದೇ ಅನ್ನಿಸುತ್ತಿದೆ. ಇಲ್ಲದ ಭಾರಕ್ಕೆ ಬ್ರೇಕು ಹಿಡಿಯುತ್ತಿತ್ತು. ಖಾಲಿ ಚಕ್ರ ಕಚ್ಚಿಕೊಂಡು ಜಾರದೆ ಇನ್ನೇನು ಮಾಡೀತು?

ನನ್ನ ಕಾಲಿಗೆ ನೆಟ್ಟಗೆ ನಿಂತಿತು ಅಂತ ಜಂಬ ಕೊಚ್ಚಿದೆನಲ್ಲ, ಆಗ ಡಿಕ್ಕಿಯಲ್ಲಿ ನನ್ನ ಮೂರು ಟೂಲ್ ಪೆಟ್ಟಿಗೆಗಳಿದ್ದವು, ನಿಮ್ಮೂರಿನ ಗಿರಾಕಿಗೆ ಕೊಡಬೇಕಿದ್ದ ಗೇರ್ ಬಾಕ್ಸ್ ಇತ್ತು. ಭಾರ ನಿಜವಾಗಿಯೂ ಇತ್ತು, ಅದನ್ನೆಲ್ಲ ಇಳಿಸಿಕೊಂಡದ್ದು ಸ್ಟೇಷನ್ನಿನಲ್ಲಿ. ನನ್ನನ್ನು ಬಿಡಲು ಬರುವಾಗ ಸರಿ ಇತ್ತು, ವಾಪಸು ಹೋಗುವಾಗ ಇರಲಿಲ್ಲ ಎಂದು ನೀವು ಮೊದಲ ಕಾಗದದಲ್ಲೇ ಬರೆದಿದ್ದಿರಿ. ಅದನ್ನು ಮೆಕ್ಯಾನಿಕ್ಕಾಗಿ ಓದಿದ್ದರೆ ಸಾಕಿತ್ತು. ಮುದುಕರ ಗೊಣಗಾಟ ಎಂದು ಓದಿದೆ.

ಇನ್ನೊಂದು ಉಳಿದಿದೆ, ಇದನ್ನು ಬರೆಯಲು ಕೈ ಬರುತ್ತಿಲ್ಲ. ನನಗೆ ಇದು ಗೊತ್ತಾದದ್ದು ಜೂನಿನಲ್ಲಲ್ಲ, ಮೇ ಎರಡನೇ ತಾರೀಕು. ನಲ್ಲಿ ರಿಪೇರಿಯವನ ವ್ಯಾನಿನ ಕೆಳಗೆ ಮಲಗಿ ಅದೇ ಕಡ್ಡಿಯನ್ನು ಸರಿಮಾಡುತ್ತಿದ್ದೆ. ಕೈ ಅಲ್ಲೇ ನಿಂತಿತು. ಹೊರಗೆ ನಿಂತಿದ್ದವನು “ಏನಕ್ಕಾ, ನಿದ್ದೆ ಬಂತಾ?” ಅಂದ. ಆರು ವಾರ ಸುಮ್ಮನಿದ್ದೆ. ನೀವು ಲೈಸೆನ್ಸ್ ಕೊಟ್ಟಾಗಿದೆ, ಅಮ್ಮನ ಕೈ ಹೇಗೂ ಕೂಡುತ್ತದೆ, ಈಗ ಹೇಳಿ ಏನು ಪ್ರಯೋಜನ ಎಂದುಕೊಂಡೆ. ಆಮೇಲೆ ತಡೆಯಲಾರದೆ ಬರೆದಾಗಲೂ ತಪ್ಪನ್ನು ವಾಲ್ವಿನ ತಲೆಗೆ ಕಟ್ಟಿದೆ. ಕಾರಿಗಾದರೆ ಬಾಯಿಲ್ಲ.

ನಿಮ್ಮ ಕಾಲು ಭಾರವಾಗಿಲ್ಲ ಅಪ್ಪಾ. ಅದು ಯಾವತ್ತೂ ಆಗಿರಲಿಲ್ಲ. ನನಗೆ ಮುಖ ತೋರಿಸಲು ನಾಚಿಕೆಯಾಗುತ್ತಿದೆ.

ಮಗಳು


ಜುಲೈ 16

ಮಗಳೇ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ನಿನ್ನ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಒಂದು ಮಧ್ಯಾಹ್ನ. ಆಮೇಲೆ ಅದಕ್ಕೆ ನಿಲ್ಲಲು ನನ್ನಲ್ಲಿ ಜಾಗ ಸಿಗಲಿಲ್ಲ. ಯಾಕೆಂದು ಹೇಳುತ್ತೇನೆ.

ಅಮ್ಮ ಕೂಗಲಿಲ್ಲ.

ಕಾರು ತಿರುಗಿ ನಿಂತ ಮೇಲೆ ಜನ ಸೇರಿದರು. ಸೇರಿದವರಲ್ಲಿ ನಾಲ್ಕೈದು ಜನ ನನ್ನ ಹತ್ತಿರವೇ ಕಲಿತವರು. ಯಾರೋ ಒಬ್ಬ, “ಏನಾಯ್ತು ಮೇಷ್ಟ್ರೇ, ನಿಮ್ಮ ಕೈಲಾ?” ಅಂದ. ಏನು ಹೇಳಬೇಕೆಂದು ಯೋಚಿಸುವ ಮೊದಲೇ ನನ್ನ ಬಾಯಿ, “ಇವಳು ಹಿಂದಿನಿಂದ ಕೂಗಿಬಿಟ್ಟಳು” ಎಂದಿತು. ಅವಳು ಮುರಿದ ಕೈ ಹಿಡಿದುಕೊಂಡು ನನ್ನನ್ನೇ ನೋಡಿದಳು. ಆಸ್ಪತ್ರೆಯಲ್ಲಿ ಕೇಳಿದಳು, “ನಾನು ಕೂಗಿದ್ನಾ?” ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಾನು “ಹೂಂ” ಅಂದೆ.

ನಿನಗೆ ಗೊತ್ತಲ್ಲ, ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು ಅವಳು. ಮನೆಯಲ್ಲಿ ಒಂದು ದಿನವೂ ದನಿ ಏರಿಸಿದವಳಲ್ಲ. ಅಂಥವಳು ನನ್ನ ಒಂದು ‘ಹೂಂ’ ಅನ್ನು ನಂಬಿದಳು. ಬ್ಯಾಂಡೇಜು ಹಾಕಿದ ಮೂರನೇ ದಿನ ಬೀಗದವನ ಅಂಗಡಿಗೆ ನಡೆದುಕೊಂಡೇ ಹೋಗಿ, “ನನ್ನಿಂದ ಹೀಗಾಯ್ತಪ್ಪಾ, ತಪ್ಪಾಯ್ತು” ಎಂದು ಕೇಳಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ. ನೀನು ಬರೆದೆಯಲ್ಲ, ಹಿಂದಿನಿಂದ ಕೂಗಬಾರದು ಎಂದು ಅಮ್ಮನಿಗೆ ಹೇಳಿ ಅಂತ, ಅದನ್ನೂ ಅವಳಿಗೆ ಓದಿ ಹೇಳಿದೆ.

ನೀನು ನನ್ನ ಕಾಲಿನ ಮೇಲೆ ಹಾಕಿದೆ, ನಾನು ಅವಳ ಬಾಯಿಯ ಮೇಲೆ ಹಾಕಿದೆ. ಅವಳ ಹಿಂದೆ ಯಾರೂ ಇರಲಿಲ್ಲ. ಅವಳು ಅದನ್ನು ಇಟ್ಟುಕೊಂಡು ಕೂತಿದ್ದಾಳೆ.

ನನಗೆ ಹೇಳಲು ಬಾಯಿ ಬರುತ್ತಿಲ್ಲ. ನೀನೇ ಅವಳಿಗೆ ಒಂದು ಕಾಗದ ಬರೆದು, ಎಲ್ಲವೂ ಕಾರಿನಿಂದಾಯಿತು ಎಂದು ತಿಳಿಸಿಬಿಡು. ಕೂಗಿದ ವಿಷಯ ಎತ್ತಬೇಡ. ಹಾಗೆ ಮಾಡಿದರೆ ಆಗುವುದಿಲ್ಲವೇ?

ಅಪ್ಪ


ಜುಲೈ 21

ಅಪ್ಪಾ,

ಆಗುವುದಿಲ್ಲ. ವಾಲ್ವ್ ಸವೆದಿದೆ ಎಂದು ನಾನು ಬರೆದ ಕಾಗದದ ಹಾಗೇ ಆಗುತ್ತದೆ ಅದು. ನನ್ನ ಪಾಲಿನದನ್ನು ನಾನು ಅಮ್ಮನಿಗೆ ಕಾಗದ ಬರೆದು ಹೇಳುತ್ತೇನೆ. ‘ಹೂಂ’ ಅಂದದ್ದು ನೀವು, ಅದನ್ನು ನೀವೇ ಹೇಳಬೇಕು.

ಮಗಳು


ಆಗಸ್ಟ್ 6

ಮಗಳೇ,

ನಾನು ಅಮ್ಮ. ಅಕ್ಷರ ನಡುಗಿದ್ದರೆ ಮುರಿದ ಕೈಯಿಂದ ಅಂದುಕೊಳ್ಳಬೇಡ, ನಾನು ಬರೆಯುವುದು ಬಲಗೈಯಲ್ಲಿ.

ನಿನ್ನ ಅಪ್ಪ ಹೇಳಿದರು. ಎಡಗೈ ಮೇಲೆ ಎತ್ತಲು ಆಗದ್ದರಿಂದ ಈಗ ನನಗೆ ತಲೆ ಬಾಚುವವರು ಅವರೇ. ಬಾಚುತ್ತಾ ಹಿಂದೆ ನಿಂತು ಹೇಳಿದರು, ನನ್ನ ಮುಖ ಕಾಣಬಾರದೆಂದು. ಹೇಳಿ ಮುಗಿಸಿ, ಬಾಚಣಿಗೆ ಹಿಡಿದುಕೊಂಡು ಹಾಗೇ ನಿಂತಿದ್ದರು. “ಮುಂದೆ ಬಂದು ಹೇಳಿ” ಅಂದೆ. ಬಂದರು. ಮತ್ತೆ ಮೊದಲಿನಿಂದ ಹೇಳಿಸಿದೆ.

ಮೂರೂವರೆ ತಿಂಗಳು ನಾನು ಏನು ಮಾಡಿದೆ ಗೊತ್ತೇ? ಆ ಗಳಿಗೆಯನ್ನು ನೆನಪು ಮಾಡಿಕೊಳ್ಳುತ್ತಾ ಕೂತಿದ್ದೆ. ಸೈಕಲ್ ನೆನಪಿದೆ, ಮುಂದಿನ ಗಾಜಿನ ಮೇಲಿನ ಹನಿ ನೆನಪಿದೆ, ನನ್ನ ದನಿ ಮಾತ್ರ ನೆನಪಿಗೆ ಬರುತ್ತಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ, ಮನೆಗೆ ಬೆಂಕಿ ಬಿದ್ದಿದೆ ಎಂದು ಅರಚುವವರ ಹತ್ತಿರವೂ ಮೆಲ್ಲಗೆ ನಂಬರು ಕೇಳಿ ಬರೆದುಕೊಂಡವಳು ನಾನು. ಕೂಗಿದ್ದೂ ನೆನಪಿಲ್ಲ ಅಂದರೆ ನನಗೆ ಅರಳುಮರಳು ಶುರುವಾಯಿತು ಎಂದುಕೊಂಡೆ. ಇನ್ನೇನು ಮಾಡಿ ಮರೆತಿದ್ದೇನೋ ಎಂದು ಹೆದರಿ ಮಾತಾಡುವುದನ್ನೇ ಕಡಿಮೆ ಮಾಡಿದೆ. ಮೂಳೆ ಮುರಿದದ್ದಕ್ಕಿಂತ ಅದು ನೋವಾಯಿತು. ಅವರ ಮೇಲೆ ಕೋಪ ಬಂತು. ಈಗಲೂ ಇದೆ. ನಿನ್ನ ಮೇಲೂ ಇದೆ.

ನಿನ್ನೆ ಅವರನ್ನು ಬೀಗದವನ ಅಂಗಡಿಗೆ ಕರೆದುಕೊಂಡು ಹೋದೆ. ಈ ಸಲ ಸುಮ್ಮನೆ ನಿಂತದ್ದು ನಾನು, ಮಾತಾಡಿದ್ದು ಅವರು. ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳೂ ಇದ್ದರು. ಅವರೆದುರೇ ಹೇಳಿದರು. ಬೀಗದವನು ಅರದಿಂದ ಉಜ್ಜುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ.

“ನಂಗೊತ್ತಿತ್ತು ತಾಯಿ” ಅಂದ. “ನಾನು ಇಲ್ಲೇ ಕೂತಿದ್ನಲ್ಲ. ಗಾಜು ಇಳಿಸಿತ್ತು, ನಿಮ್ಮ ಬಾಯಿ ಮುಚ್ಚೇ ಇತ್ತು. ನೀವು ಬಂದು ತಪ್ಪಾಯ್ತು ಅಂದಾಗ, ಯಜಮಾನ್ರ ಮರ್ಯಾದೆ ಉಳಿಸೋಕೆ ಹೇಳ್ತಿದೀರಿ ಅಂದ್ಕೊಂಡು ಸುಮ್ಮನಾದೆ.”

ನಿನ್ನ ಅಪ್ಪ ತಲೆ ತಗ್ಗಿಸಿದರು. ದಾರಿಯುದ್ದಕ್ಕೂ ಎತ್ತಲಿಲ್ಲ. ನಾನೂ ಎತ್ತಿ ಎನ್ನಲಿಲ್ಲ. ಮನೆಗೆ ಬಂದ ಮೇಲೆ ಲೈಸೆನ್ಸಿನ ವಿಷಯ ಕೇಳಿದೆ. ಮತ್ತೆ ಪರೀಕ್ಷೆಗೆ ಕೂರಬೇಕಂತೆ, ಹೊಸಬರ ಹಾಗೆ, ತಾವೇ ಕಲಿಸಿದವರ ಮುಂದೆ. ಕೂರಿ ಅಂದಿದ್ದೇನೆ.

ನೀನು ನಿನ್ನ ಪಾಲಿನದನ್ನು ಕಾಗದದಲ್ಲಿ ಬರೆದು ಕಳಿಸುತ್ತೇನೆ ಅಂದೆಯಂತೆ. ಕಳಿಸಬೇಡ. ನಮ್ಮ ಮನೆಯಲ್ಲಿ ಎಲ್ಲರೂ ಕಾಗದದ ಹಿಂದೆ ನಿಂತು ಮಾತಾಡುವುದು ಜಾಸ್ತಿಯಾಗಿದೆ. ಬಂದು ಆ ಕಡ್ಡಿಯನ್ನು ಸರಿಮಾಡು. ಆಮೇಲೆ ಕೈ ತೊಳೆದುಕೊಂಡು ನನ್ನೆದುರು ಕೂತು ಹೇಳು. ಇಷ್ಟು ವರ್ಷದಲ್ಲಿ ನೀವಿಬ್ಬರೂ ನಾನು ಕೂಗಿದ್ದನ್ನು ಕೇಳಿಲ್ಲ. ಈ ಸಲ ಕೂಗುತ್ತೇನೆ. ಕೇಳಿಸಿಕೊಳ್ಳಲು ಬಾ.

ಅಮ್ಮ